ಏನೋ ಒತ್ತಿಬಿಟ್ಟೆ, ಪ್ರಮೀಳಮ್ಮ

ನಾನು ಕಂಪನಿಯಲ್ಲಿ ನೆಟ್‌ವರ್ಕ್ ಸೆಕ್ಯುರಿಟಿ ನೋಡಿಕೊಳ್ಳುತ್ತೇನೆ ಎಂದು ಗೊತ್ತಾದ ಮೇಲೆ ನಮ್ಮ ಬೀದಿಯ ಜಯಮ್ಮನವರು ನನ್ನನ್ನು ಬಹಳ ದಿನ ಮರುಕದಿಂದ ನೋಡುತ್ತಿದ್ದರು. ಕೊನೆಗೊಮ್ಮೆ ತಡೆಯಲಾರದೆ ಕೇಳಿಯೇಬಿಟ್ಟರು. ‘ಅಷ್ಟು ಓದಿದೋಳು, ಗೇಟಲ್ಲಿ ನಿಲ್ಲೋ ಕೆಲ್ಸ ಯಾಕಮ್ಮ ನಿಂಗೆ? ಕೂರಕ್ಕೆ ಕುರ್ಚಿನಾದ್ರೂ ಕೊಟ್ಟವ್ರಾ?’

ಕುರ್ಚಿ ಕೊಟ್ಟಿದ್ದಾರೆ, ತಲೆಯ ಮೇಲೆ ಫ್ಯಾನೂ ಇದೆ ಎಂದೆ. ಅವರಿಗೆ ಸಮಾಧಾನವಾಯಿತು. ಸೆಕ್ಯುರಿಟಿ ಎಂದರೆ ಖಾಕಿ ಬಟ್ಟೆ, ಬಾಯಲ್ಲಿ ಸೀಟಿ, ಕೈಯಲ್ಲಿ ಲಾಠಿ ಎಂದು ಅವರು ತಿಳಿದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಕೂಡ ಹೆಚ್ಚುಕಡಿಮೆ ಹಾಗೆಯೇ ತಿಳಿದಿರುತ್ತಾರೆ. ಕಳ್ಳ ಹೊರಗಿರುತ್ತಾನೆ, ಬಾಗಿಲು ಭದ್ರ ಮಾಡಿದರೆ ಆಯಿತು ಎಂದುಕೊಂಡು ಬರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಹುದ್ದೆಯಲ್ಲಿ ನಿವೃತ್ತಳಾದೆ ಎಂಬುದನ್ನೆಲ್ಲ ಬಿಡುತ್ತೇನೆ. ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನಮ್ಮದು ದಾರದ ಕಂಪನಿ. ಗೌರಿಬಿದನೂರಿನಲ್ಲಿ ಹತ್ತಿ ದಾರದ ಕಾರ್ಖಾನೆ, ಶಿಡ್ಲಘಟ್ಟದಲ್ಲಿ ರೇಷ್ಮೆ ಕೊಳ್ಳುವ ಕಚೇರಿ, ಚಿಂತಾಮಣಿಯಲ್ಲಿ ಗೋದಾಮು, ಚಿಕ್ಕಬಳ್ಳಾಪುರದಲ್ಲಿ ಹೆಡ್ಡಾಫೀಸು. ಈ ನಾಲ್ಕು ಊರುಗಳು ಒಂದರ ಜೊತೆ ಒಂದು ಮಾತಾಡುತ್ತಿರುವಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಮೊದಲು ಟೆಲಿಫೋನಿನಲ್ಲಿ, ಆಮೇಲೆ ಫ್ಯಾಕ್ಸಿನಲ್ಲಿ, ಕೊನೆಗೆ ಕಂಪ್ಯೂಟರಿನಲ್ಲಿ.

ನಮ್ಮ ಅಪ್ಪ ದಿಬ್ಬೂರಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ, ಕೆಳಗೆ ಒಂದು ರೇಡಿಯೊ. ಆ ರೇಡಿಯೊವನ್ನು ನಾನು ಬಿಚ್ಚಿ ಮತ್ತೆ ಜೋಡಿಸಿದಾಗ ಅದು ಮೊದಲಿಗಿಂತ ಚೆನ್ನಾಗಿ ಕೂಗತೊಡಗಿತು. ಅಪ್ಪ ಅದನ್ನು ನೋಡಿಯೇ ನನ್ನನ್ನು ಹೊಲಿಗೆ ಕ್ಲಾಸಿಗೆ ಕಳಿಸುವ ಯೋಚನೆ ಬಿಟ್ಟು ಟೆಲಿಫೋನ್ ಆಪರೇಟರ್ ತರಬೇತಿಗೆ ಸೇರಿಸಿದರು. ಹಾಗೆ ನಾನು ಹೆಡ್ಡಾಫೀಸಿನ ಟೆಲಿಫೋನ್ ಬೋರ್ಡಿನ ಮುಂದೆ ಬಂದು ಕುಳಿತೆ.

ಅಶ್ವತ್ಥರೆಡ್ಡಿಯವರ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ನಾನು ಸೇರಿದಾಗ ಅವರು ಖರೀದಿ ಅಧಿಕಾರಿ. ಆಮೇಲೆ ಜನರಲ್ ಮ್ಯಾನೇಜರ್ ಆಗಿ, ವಯಸ್ಸಾದ ಮೇಲೂ ಮಾಲೀಕರು ಬಿಡದೆ ಅಲ್ಲಿಯೇ ಉಳಿದವರು. ಮನೆಮಾತು ತೆಲುಗು, ಆಫೀಸಿನ ಮಾತು ಕನ್ನಡ, ಬೈಯುವುದಕ್ಕೆ ಎರಡೂ. ಅವರ ಗಂಟಲು ಎಷ್ಟು ದೊಡ್ಡದೆಂದರೆ ಗೌರಿಬಿದನೂರಿಗೆ ಲೈನ್ ಸಿಗದ ದಿನ, ಸುಮ್ಮನೆ ಕಿಟಕಿ ತೆಗೆದು ಕೂಗಿ ಸಾರ್ ಎಂದು ನಾವು ಹಿಂದಿನಿಂದ ಹೇಳಿಕೊಂಡು ನಗುತ್ತಿದ್ದೆವು. ಬೋರ್ಡು ಹೋಗಿ ಪ್ರತಿ ಮೇಜಿಗೂ ಒಂದೊಂದು ಎಕ್ಸ್‌ಟೆನ್ಷನ್ ನಂಬರು ಬಂದಾಗ, ಪಕ್ಕದ ಕೋಣೆಗೆ ಮಾತಾಡಬೇಕಾದರೂ ಅವರು ನನ್ನ ನಂಬರಿಗೇ ಹಚ್ಚಿ, ನೀನೇ ಕೊಟ್ಟುಬಿಡಮ್ಮ ಎನ್ನುತ್ತಿದ್ದರು. ನಂಬರು ನೆನಪಿಟ್ಟುಕೊಳ್ಳುವುದು ಜನರಲ್ ಮ್ಯಾನೇಜರನ ಕೆಲಸವಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ಆ ಕಾಲದ ಫ್ಯಾಕ್ಸ್ ಕಾಗದವನ್ನು ಈಗಿನವರು ನೋಡಿರಲಾರರು. ಸುರುಳಿ ಸುರುಳಿಯಾಗಿ, ನುಣ್ಣಗೆ, ಬಿಸಿ ತಾಗಿದರೆ ಕಪ್ಪಾಗುವಂಥದು. ಅಕ್ಷರ ಮೂಡುವುದೇ ಆ ಬಿಸಿಯಿಂದ. ನಮ್ಮ ಕಂಪನಿಗೆ ಹೊರದೇಶದಿಂದ ಮೊದಲ ಆರ್ಡರ್ ಬಂದಿದ್ದು ಅದರಲ್ಲಿ. ರೆಡ್ಡಿಯವರಿಗೆ ಸಂತೋಷ ತಡೆಯಲಾಗಲಿಲ್ಲ. ಅದನ್ನು ಯಾರ ಕೈಗೂ ಕೊಡದೆ ತಾವೇ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದರು. ನೂರು ಕಾಲ ಗೋಡೆಯ ಮೇಲಿರಲಿ ಎಂಬ ಆಸೆ. ಲ್ಯಾಮಿನೇಷನ್ ಯಂತ್ರದ ಬಿಸಿಗೆ ಇಡೀ ಹಾಳೆ ಶಾಲೆಯ ಹಲಗೆಯಂತೆ ಕಪ್ಪಗಾಗಿ ಹೊರಬಂತು. ಯಾವ ಬಣ್ಣದ ದಾರ, ಎಷ್ಟು, ಯಾವಾಗ ಎಂಬುದೆಲ್ಲ ಅದರೊಳಗೆ ಮುಳುಗಿಹೋಗಿತ್ತು. ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, ಅಕ್ಷರ ವಾಪಸ್ ಬರುತ್ತಾ ನೋಡಮ್ಮ ಎಂದರು. ಬರುವುದಿಲ್ಲ ಎಂದೆ. ದಯವಿಟ್ಟು ಇನ್ನೊಮ್ಮೆ ಕಳಿಸಿ ಎಂದು ಆ ದೇಶದವರನ್ನು ಕೇಳಿಕೊಳ್ಳುವಾಗ ಕಾರಣ ಏನು ಬರೆಯುವುದೆಂದು ನಾವಿಬ್ಬರೂ ಬಹಳ ಹೊತ್ತು ಯೋಚಿಸಿ, ಕೊನೆಗೆ ‘ತಾಂತ್ರಿಕ ತೊಂದರೆ’ ಎಂದು ಬರೆದೆವು. ಈ ಎರಡು ಪದಗಳು ಮುಂದೆ ನನ್ನ ವೃತ್ತಿಯುದ್ದಕ್ಕೂ ಕೈಹಿಡಿದವು. ಹೊಸಬರು ಇವನ್ನು ಮೊದಲ ದಿನವೇ ಕಲಿತುಕೊಳ್ಳುವುದು ಒಳ್ಳೆಯದು.

ಕಂಪ್ಯೂಟರುಗಳು ಬಂದವು. ನಾಲ್ಕು ಊರಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಕಟ್ಟಿದ್ದಾಯಿತು. ಹೆಡ್ಡಾಫೀಸಿನ ತಾರಸಿಯ ಮೇಲೆ ಒಂದು ಕಂಬ, ಕಂಬದ ಮೇಲೆ ಡಿಶ್ಶು, ಅಲ್ಲಿಂದ ಕೆಳಗೆ ಕೇಬಲ್ಲು. ಬೆಟ್ಟದ ಕಡೆಯಿಂದ ಬರುವ ಕೋತಿಗಳಿಗೆ ಈ ಕೇಬಲ್ಲಿನ ರುಚಿ ಹತ್ತಿತು. ನಮ್ಮ ಎಲೆಕ್ಟ್ರಿಷಿಯನ್ ಮುನಿರಾಜು ಅದಕ್ಕೆ ಖಾರದ ಪುಡಿ ಕಲಸಿ ಬಳಿದ. ಕೋತಿಗಳು ಆ ಭಾಗ ಬಿಟ್ಟು ಪಕ್ಕದ ಭಾಗ ಕಚ್ಚಿದವು. ವಾಚ್‌ಮನ್ನಿನ ಹಳೆಯ ಖಾಕಿ ಬಟ್ಟೆಗೆ ಹುಲ್ಲು ತುಂಬಿ ಒಂದು ಬೆದರುಬೊಂಬೆ ಮಾಡಿ ನಿಲ್ಲಿಸಿದ. ಮೂರನೆಯ ದಿನ ಮೇಲೆ ಹೋಗಿ ನೋಡಿದರೆ ಒಂದು ಮರಿ ಅದರ ಹೆಗಲ ಮೇಲೆ ಕುಳಿತು ತಾಯಿಯಿಂದ ಹೇನು ತೆಗೆಸಿಕೊಳ್ಳುತ್ತಿತ್ತು.

ಅದೇ ಸಮಯಕ್ಕೆ ಬೆಂಗಳೂರಿನಿಂದ ಒಬ್ಬ ಸಲಹೆಗಾರರು ನಮ್ಮ ಭದ್ರತೆ ಪರೀಕ್ಷಿಸಲು ಬಂದಿದ್ದರು. ಅವರ ಪ್ರಶ್ನೆಗಳಲ್ಲಿ, ಹೊರಗಿನಿಂದ ಒಳನುಗ್ಗುವ ಯತ್ನಗಳು ನಡೆದಿವೆಯೇ ಎಂಬುದೂ ಒಂದು. ನಡೆಯುತ್ತಲೇ ಇವೆ, ಹೆಚ್ಚುಕಡಿಮೆ ದಿನಾ ಎಂದೆ. ಅವರು ಗಾಬರಿಯಿಂದ ಕನ್ನಡಕ ಏರಿಸಿ, ಯಾವ ದೇಶದಿಂದ ಎಂದು ಕೇಳಿದರು. ನಂದಿ ಬೆಟ್ಟದ ಕಡೆಯಿಂದ ಎಂದೆ. ಪಾಪ, ಅದನ್ನೂ ಬರೆದುಕೊಂಡರು. ಕಡೆಗೆ ಕೇಬಲ್ಲನ್ನು ಕಬ್ಬಿಣದ ಪೈಪಿನೊಳಗೆ ಹಾಕಿಸಿದ ಮೇಲೆ ಆ ಶತ್ರುಗಳು ಸೋತು ಹಿಂದೆ ಸರಿದರು. ಅಷ್ಟು ಸುಲಭವಾಗಿ ಸೋತ ಶತ್ರುಗಳು ನನಗೆ ಆಮೇಲೆ ಸಿಗಲಿಲ್ಲ.

ಪಾಸ್‌ವರ್ಡುಗಳದು ಬೇರೆಯೇ ಪುರಾಣ. ಮೊದಮೊದಲು ಎಲ್ಲರೂ ಮನೆದೇವರ ಹೆಸರು ಇಟ್ಟುಕೊಂಡಿದ್ದರು. ಯಾರ ಮನೆದೇವರು ಯಾವುದೆಂದು ಊರಿಗೇ ಗೊತ್ತು. ತಿಂಗಳಿಗೊಮ್ಮೆ ಬದಲಾಯಿಸಲೇಬೇಕು ಎಂದು ನಾನು ನಿಯಮ ತಂದೆ. ಜನ ಕಂಪ್ಯೂಟರಿನ ನೆತ್ತಿಯ ಮೇಲೆ ಚೀಟಿ ಅಂಟಿಸಿದರು. ಚೀಟಿ ಅಂಟಿಸಬಾರದು ಎಂದು ಇನ್ನೊಂದು ನಿಯಮ ತಂದೆ. ಕೀಬೋರ್ಡಿನ ಹೊಟ್ಟೆಗೆ ಅಂಟಿಸಿದರು. ಬೇರೆ ಯಾರೂ ಊಹಿಸಲಾಗದ ಒಂದು ಉದ್ದನೆಯ ಮಾತು ಇಟ್ಟುಕೊಳ್ಳಿ ಸಾರ್ ಎಂದು ರೆಡ್ಡಿಯವರಿಗೆ ಹೇಳಿಕೊಟ್ಟೆ. ಅವರು ತಮ್ಮ ಅಜ್ಜಿ ಹೇಳುತ್ತಿದ್ದ ಒಂದು ತೆಲುಗು ಗಾದೆ ಆರಿಸಿಕೊಂಡರು. ನಿಜಕ್ಕೂ ಒಳ್ಳೆಯ ಆಯ್ಕೆ. ಆದರೆ ಪ್ರತಿ ಬೆಳಿಗ್ಗೆ ಒಂದೊಂದೇ ಅಕ್ಷರ ಹುಡುಕಿ ಒತ್ತುವಾಗ ಅದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ವರಾಂಡದಲ್ಲಿ ಚಹಾ ಹಂಚುತ್ತಿದ್ದವರಿಗೂ ಅದು ಬಾಯಿಪಾಠವಾಗಿತ್ತು.

ಇದರಿಂದ ನಾನು ಇನ್ನಷ್ಟು ಬಿಗಿಯಾದೆ. ಕೆಂಪು ಅಕ್ಷರದ ನೋಟೀಸುಗಳನ್ನು ಮಾಡಿಸಿ ನಾಲ್ಕೂ ಊರಿನ ಗೋಡೆಗಳಿಗೆ ಅಂಟಿಸಿದೆ. ಅಪರಿಚಿತ ಫೈಲ್ ತೆರೆಯುವುದು ಅಪರಾಧ. ಕೇಬಲ್ ಕಳಚುವುದು ಅಪರಾಧ. ತಪ್ಪಿದವರ ಮೇಲೆ ಶಿಸ್ತು ಕ್ರಮ. ಕೆಳಗೆ ನನ್ನ ಸಹಿ. ಆ ನೋಟೀಸು ನೋಡಿ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಇನ್ನು ನನ್ನ ಇಡೀ ವೃತ್ತಿಯಲ್ಲಿ ಮರೆಯಲಾಗದ ಪ್ರಸಂಗಕ್ಕೆ ಬರುತ್ತೇನೆ.

ಅಂದು ಶುಕ್ರವಾರ. ಗೌರಿಬಿದನೂರಿನ ಕಾರ್ಖಾನೆಯಿಂದ ಒಂದು ಕಂಟೇನರ್ ಸೋಮವಾರ ಬಂದರಿಗೆ ಹೊರಡಬೇಕಿತ್ತು. ಆ ಗಿರಾಕಿಗಳು ದೊಡ್ಡವರು, ತಪ್ಪಿದರೆ ಮತ್ತೆ ನಮ್ಮ ಕಡೆ ತಿರುಗಿ ನೋಡುವವರಲ್ಲ. ಕಂಟೇನರಿನ ಜೊತೆ ಹೋಗಬೇಕಾದ ಕಾಗದಪತ್ರಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಚಿಂತಾಮಣಿ ಗೋದಾಮಿನಿಂದ ನನ್ನ ಮೊಬೈಲಿಗೆ ಫೋನ್ ಬಂತು. ಆಫೀಸಿನ ಫೋನ್ ಸತ್ತುಹೋಗಿದೆ, ಕಂಪ್ಯೂಟರು ಇಂಗ್ಲಿಷಿನಲ್ಲಿ ಏನೋ ಬೆದರಿಸುತ್ತಿದೆ ಎಂದರು. ಏನೆಂದು ಬರೆದಿದೆ, ಓದಿ ಎಂದೆ. ‘ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಾದರೆ ಹಣ ಕೊಡಿ’ ಎಂಬುದು ಅದರ ಸಾರಾಂಶ.

ತಿರುಗಿ ನನ್ನ ಮೇಜಿನ ಕಡೆ ನೋಡಿದರೆ ನನ್ನ ಪರದೆಯ ಮೇಲೂ ಅದೇ ಬರಹ. ಸರ್ವರ್ ಕೋಣೆಗೆ ಓಡಿದೆ. ಮುನಿರಾಜು ಹಿಂದೆಯೇ ಬಂದ. ಯಾವ ವೈರು ಕೀಳಬೇಕು ಎಂದು ಕೇಳಿದ. ಎಲ್ಲಾ ಕೀಳು ಎಂದೆ. ಅಷ್ಟು ವರ್ಷ ಒಂದು ವೈರು ಅಲುಗಿದರೂ ಅವನ ಮೇಲೆ ಹರಿಹಾಯುತ್ತಿದ್ದವಳು ನಾನು. ಅವನು ನನ್ನ ಮುಖವನ್ನೇ ನೋಡಿದ. ನಾನೇ ಕೈಗೆ ಸಿಕ್ಕ ಸಿಕ್ಕದ್ದನ್ನು ಹಿಡಿದು ಎಳೆಯತೊಡಗಿದ ಮೇಲೆ ಅವನೂ ಸೇರಿಕೊಂಡ.

ಅಷ್ಟು ಹೊತ್ತಿಗೆ ತಡವಾಗಿತ್ತು. ಸರ್ವರಿನಲ್ಲಿದ್ದದ್ದೆಲ್ಲ ಹೋಗಿತ್ತು. ಪ್ರತಿಯಿಟ್ಟುಕೊಳ್ಳಲೆಂದು ಇಟ್ಟಿದ್ದ ಡಿಸ್ಕು ಕೂಡ ಅದೇ ಸರ್ವರಿಗೆ ಚುಚ್ಚಿಕೊಂಡಿತ್ತು, ಅದಕ್ಕೂ ಬೀಗ ಬಿದ್ದಿತ್ತು. ಹೊಸಬರು ಇದನ್ನು ಚೆನ್ನಾಗಿ ನೆನಪಿಡಬೇಕು. ಬೀರುವಿನ ಇನ್ನೊಂದು ಕೀಲಿಯನ್ನು ಬೀರುವಿನೊಳಗೇ ಇಡುವವರನ್ನು ನೋಡಿ ನಗುತ್ತೇವೆ. ಇದೂ ಅದೇ. ಆಫೀಸಿನ ಫೋನುಗಳೂ ಅದೇ ಜಾಲದ ಮೇಲೆ ಓಡುತ್ತಿದ್ದವಾದ್ದರಿಂದ ಅವೂ ಮೂಕವಾಗಿದ್ದವು. ಮೊಬೈಲಿನಲ್ಲಿ ಗೌರಿಬಿದನೂರಿಗೆ ಮಾಡಿದೆ, ಅಲ್ಲಿಯೂ ಎಲ್ಲ ಹೋಗಿತ್ತು. ಶಿಡ್ಲಘಟ್ಟಕ್ಕೆ ಮಾಡಿದೆ. ಯಾರೂ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ.

ರೆಡ್ಡಿಯವರು ಕೋಣೆಯ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರು. ಆ ಕೂಗಾಟದಲ್ಲಿ ಕುಳಿತುಕೊಳ್ಳುವುದಕ್ಕಿಂತ ಶಿಡ್ಲಘಟ್ಟಕ್ಕೆ ಹೋಗುವುದೇ ಮೇಲೆಂದು ಕಂಪನಿಯ ಜೀಪು ಹತ್ತಿದೆ. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳನ್ನು ನೋಡುತ್ತ, ಈ ಕೆಲಸ ಹೋದರೆ ಏನು ಮಾಡುವುದೆಂದು ಲೆಕ್ಕ ಹಾಕುತ್ತಿದ್ದೆ. ಆ ವಯಸ್ಸಿಗೆ ಮತ್ತೆ ಹೊಲಿಗೆ ಕ್ಲಾಸು ಸೇರುವುದು ಸಾಧ್ಯವಿರಲಿಲ್ಲ.

ಶಿಡ್ಲಘಟ್ಟದ ಕಚೇರಿ ನೋಡಿಕೊಳ್ಳುತ್ತಿದ್ದವರು ರಹಮತ್ ಸಾಹೇಬರು. ರೇಷ್ಮೆಯ ಎಳೆಯನ್ನು ಬೆರಳ ನಡುವೆ ಉಜ್ಜಿಯೇ ದರ ಹೇಳುವ ಮನುಷ್ಯ. ನನಗೂ ಅವರಿಗೂ ಒಂದೇ ಒಂದು ವಿಷಯದಲ್ಲಿ ವರ್ಷಾನುಗಟ್ಟಲೆ ಜಗಳ. ಶುಕ್ರವಾರ ನಮಾಜಿಗೆ ಹೊರಡುವಾಗ ಅವರು ಕಚೇರಿಯ ಮೇನ್ ಸ್ವಿಚ್ ಆರಿಸಿ, ಕಂಪ್ಯೂಟರಿನ ವೈರುಗಳನ್ನೆಲ್ಲ ಕಿತ್ತು ಹೋಗುತ್ತಿದ್ದರು. ಒಳಗೆಲ್ಲ ರೇಷ್ಮೆ ತುಂಬಿದೆ, ಯಾರೂ ಇಲ್ಲದಾಗ ಒಂದು ಕಿಡಿ ಹಾರಿದರೆ ಏನು ಗತಿ ಎಂಬುದು ಅವರ ವಾದ. ಜಾಲ ಕಡಿದುಹೋಗುತ್ತದೆ, ಕೀಳಬೇಡಿ ಎಂಬುದು ನನ್ನ ವಾದ. ಕೆಂಪು ನೋಟೀಸಿನಲ್ಲಿ ಕೇಬಲ್ಲಿನ ಸಾಲು ಸೇರಿದ್ದೇ ಅವರಿಗಾಗಿ.

ನಾನು ಜೀಪಿನಿಂದ ಇಳಿದಾಗ ಅವರು ಮಸೀದಿಯಿಂದ ವಾಪಸ್ ಬಂದು ಬೀಗ ತೆಗೆಯುತ್ತಿದ್ದರು. ಒಳಗೆ ಕತ್ತಲೆ. ಕಂಪ್ಯೂಟರಿನ ಹಿಂದೆ ವೈರು ಸತ್ತ ಹಾವಿನಂತೆ ನೇತಾಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವರ ಮುಖ ಸಣ್ಣದಾಯಿತು.

‘ಇದಕ್ಕೆ ಬೈಯಕ್ಕೆ ಅಂತಾನೇ ಅಷ್ಟು ದೂರದಿಂದ ಬಂದ್ರಾ ಅಮ್ಮಾ?’ ಎಂದರು.

ನಾನು ಅಲ್ಲೇ ಇದ್ದ ರೇಷ್ಮೆಯ ಮೂಟೆಯ ಮೇಲೆ ಕುಸಿದು ಕುಳಿತೆ. ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಅವರು ಗಾಬರಿಯಾಗಿ ನೀರು ತಂದುಕೊಟ್ಟರು, ಎದುರಿನ ಅಂಗಡಿಯಿಂದ ಚಹಾ ತರಿಸಿದರು. ವಿಷಯ ಹೇಳಿ, ವೈರು ಕಿತ್ತಿದ್ದರಿಂದ ನಿಮ್ಮದೊಂದು ಉಳಿದಿರಬಹುದು ಎಂದೆ. ಆಗ ಅವರು ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ ಎಂಬಂತೆ ಗಂಟಲು ಸರಿಮಾಡಿಕೊಂಡರು. ಲೈನು ಯಾವಾಗ ಹೋಗುತ್ತದೋ ಎಂಬ ಭಯಕ್ಕೆ ಅವರು ದಿನಾ ಬೆಳಿಗ್ಗೆ ಹೆಡ್ಡಾಫೀಸಿನ ಫೈಲುಗಳನ್ನೆಲ್ಲ ತಮ್ಮ ಕಂಪ್ಯೂಟರಿಗೆ ಎಳೆದಿಟ್ಟುಕೊಳ್ಳುತ್ತಿದ್ದರಂತೆ. ಅದನ್ನೂ ಮಾಡಬಾರದೆಂದು ನಾನೇ ಹೇಳಿದ್ದೆ. ಜಾಲದ ವೈರು ಮುಟ್ಟದೆ ಕಂಪ್ಯೂಟರನ್ನು ಮಾತ್ರ ಹಾಕಿ ನೋಡಿದೆ. ಆ ದಿನ ಬೆಳಗಿನವರೆಗಿನದೆಲ್ಲ ಅಚ್ಚುಕಟ್ಟಾಗಿ ಕುಳಿತಿತ್ತು.

ಹಣ ಕೇಳಿದವರಿಗೆ ನಾವು ಉತ್ತರವನ್ನೇ ಕೊಡಲಿಲ್ಲ. ಪೊಲೀಸರಿಗೆ ದೂರು ಕೊಟ್ಟು, ಶನಿವಾರ ಭಾನುವಾರ ಇಡೀ ಹೆಡ್ಡಾಫೀಸು ಶಿಡ್ಲಘಟ್ಟಕ್ಕೆ ಹೋಗಿ ರೇಷ್ಮೆಯ ಮೂಟೆಗಳ ನಡುವೆ ಕುಳಿತಿತು. ಇದ್ದದ್ದು ಒಂದು ಕಂಪ್ಯೂಟರು, ಒಂದು ಪ್ರಿಂಟರು. ರಹಮತ್ ಸಾಹೇಬರ ಮನೆಯಿಂದ ದೊಡ್ಡ ಪಾತ್ರೆಯಲ್ಲಿ ಅನ್ನ ಬಂತು. ರೆಡ್ಡಿಯವರು ರೇಷ್ಮೆಯ ಧೂಳಿಗೆ ಸೀನುತ್ತ ಸೀನುತ್ತ ಸಹಿ ಹಾಕಿದರು. ಸೋಮವಾರ ಕಂಟೇನರ್ ಹೊರಟಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಮಂಗಳವಾರ ರೆಡ್ಡಿಯವರು ನನ್ನನ್ನು ಕರೆದು, ಈ ಹಾಳು ಫೈಲನ್ನು ತೆರೆದವರು ಯಾರೆಂದು ಕಂಡುಹಿಡಿ, ಅವರು ನಾಳೆಯಿಂದ ಕೆಲಸದಲ್ಲಿರಬಾರದು ಎಂದರು. ಮೊದಲು ಕೆಟ್ಟ ಕಂಪ್ಯೂಟರು ಗೌರಿಬಿದನೂರಿನದು ಎಂದು ಅಷ್ಟರಲ್ಲಿ ತಿಳಿದಿತ್ತು. ಅದರ ಮುಂದೆ ಕೂರುತ್ತಿದ್ದವಳು ಭವ್ಯ. ನಗರಗೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಹುಡುಗಿ, ಕಂಪನಿಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ನಾನು ಗೌರಿಬಿದನೂರಿಗೆ ಹೋದಾಗ ಅವಳು ಮೇಜು ಖಾಲಿ ಮಾಡಿಕೊಂಡು, ಊಟದ ಬುತ್ತಿ, ನೀರಿನ ಬಾಟಲಿ, ಒಂದು ಸಣ್ಣ ಗಣಪತಿಯನ್ನು ಚೀಲಕ್ಕೆ ಹಾಕಿಕೊಂಡು ಕುಳಿತಿದ್ದಳು. ನಾನೇನೂ ಕೇಳುವ ಮೊದಲೇ, ಕೆಲಸ ಬಿಟ್ಟುಹೋಗುತ್ತೇನೆ ಮೇಡಂ ಎಂದಳು.

ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಫೈಲು ತೆರೆದದ್ದು ನೀನೇನಾ ಎಂದರೆ ಹೌದೆಂದಳು. ಯಾಕೆ ತೆರೆದೆ ಎಂದರೆ, ಕೆಲಸ ಬಿಡುತ್ತೇನೆ ಅಂದೆನಲ್ಲ ಮೇಡಂ ಎಂದಳು. ನಾನು ಒತ್ತಾಯ ಮಾಡಿದ ಮೇಲೆ, ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ನೋಡುತ್ತಲೇ ಹೇಳಿದಳು.

‘ಸಾರೇ ಕಳ್ಸಿದ್ದು ಮೇಡಂ. ಕೊರಿಯರಿಂದು ಏನೋ ಬಂದೈತೆ, ನನ್ ಫೋನಲ್ಲಿ ತೆಕ್ಕೊಂತಿಲ್ಲ, ತೆಗ್ದು ಪ್ರಿಂಟ್ ಹಾಕು ಅಂದ್ರು. ಈಗ ಅದನ್ನ ನಾನ್ ಹೇಳಿದ್ರೆ ಯಾರ್ ನಂಬ್ತಾರೆ?’

ರೆಡ್ಡಿಯವರು ಕಳಿಸಿದ್ದ ಇ-ಮೇಲನ್ನು ತನ್ನ ಫೋನಿನಲ್ಲಿ ತೋರಿಸಿದಳು. ಅವಳು ಹೇಳಿದ್ದು ಅಕ್ಷರಶಃ ನಿಜ. ಕಂಪ್ಯೂಟರು ವಿಚಿತ್ರವಾಗಿ ಆಡತೊಡಗಿದ್ದನ್ನು ಅವಳು ಕೂಡಲೇ ಗಮನಿಸಿದ್ದಳು. ಚಿಂತಾಮಣಿಯವರು ನನಗೆ ಹೇಳುವುದಕ್ಕಿಂತ ಎಷ್ಟೋ ಮುಂಚೆ. ಆಗಲೇ ಒಂದು ಫೋನ್ ಮಾಡಿದ್ದರೆ ಹೆಡ್ಡಾಫೀಸು ಉಳಿಯುತ್ತಿತ್ತು. ಯಾಕೆ ಮಾಡಲಿಲ್ಲ ಎಂದು ಕೇಳಿದೆ. ಅವಳು ನನ್ನ ತಲೆಯ ಮೇಲಿನ ಗೋಡೆಯ ಕಡೆ ನೋಡಿದಳು. ತಿರುಗಿ ನೋಡಿದರೆ ಅಲ್ಲಿ ನನ್ನ ಕೆಂಪು ನೋಟೀಸು.

ವಾಪಸ್ ಬರುವ ದಾರಿಯಲ್ಲಿ ನನಗೆ ಕಳ್ಳರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ನೋಟೀಸಿನ ಮೇಲೆ ಬಂತು. ಆದರೆ ಅದಕ್ಕಿಂತ ದೊಡ್ಡ ಚಿಂತೆ, ರೆಡ್ಡಿಯವರಿಗೆ ಹೇಳುವುದು ಹೇಗೆ? ಇಷ್ಟು ವರ್ಷದಲ್ಲಿ ಅವರಿಗೆ ಅವರ ತಪ್ಪನ್ನು ತೋರಿಸಿದವರು ಯಾರೂ ಇರಲಿಲ್ಲ. ಲ್ಯಾಮಿನೇಷನ್ ಅಂಗಡಿಯವನೊಬ್ಬ ತೋರಿಸಿದ್ದ, ಅವನೂ ಬೈಸಿಕೊಂಡಿದ್ದನಂತೆ. ಈ ಸಲವೂ ‘ತಾಂತ್ರಿಕ ತೊಂದರೆ’ ಎಂದು ಬರೆದು ಮುಗಿಸಬಹುದಿತ್ತು. ಹಾಗೆ ಮಾಡಿದ್ದರೆ ರೆಡ್ಡಿಯವರು ಹೇಗಿದ್ದರೂ ಗೌರಿಬಿದನೂರಿನ ಆ ಕುರ್ಚಿಯನ್ನು ಖಾಲಿ ಮಾಡಿಸುತ್ತಿದ್ದರು.

ಅವರ ಕೋಣೆಗೆ ಹೋದೆ. ಹೆಸರು ಸಿಕ್ಕಿತಾ ಎಂದು ಕೇಳಿದರು. ಸಿಕ್ಕಿತು ಎಂದು ಹೇಳಿ ಬಾಗಿಲು ಮುಚ್ಚಿ ಬಂದು ನಿಂತೆ.

‘ಎವರಮ್ಮಾ?’ ಎಂದರು.

‘ನೀವೇ ಸಾರ್.’

ಅವರು ಬೈಯಲು ಬಾಯಿ ತೆರೆದರು. ನಾನು ಶುಕ್ರವಾರ ಬೆಳಗಿನ ಕೊರಿಯರಿನ ಇ-ಮೇಲನ್ನು ನೆನಪಿಸಿದೆ. ಬಾಯಿ ಮುಚ್ಚಿಕೊಂಡು ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ ಹುಡುಕಿದರು. ಸಿಕ್ಕಿತು. ಓದಿದರು, ಮತ್ತೆ ಓದಿದರು. ಆ ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳಿಸಿದ್ದು ನನಗೆ ಅದೇ ಮೊದಲು. ಆಮೇಲೆ, ಆ ಹುಡುಗಿ ನನ್ನ ಹೆಸರು ಹೇಳಿದಳಾ ಎಂದು ಬಹಳ ಮೆಲ್ಲಗೆ ಕೇಳಿದರು. ನಾನು ಒತ್ತಾಯ ಮಾಡುವ ತನಕ ಹೇಳಲಿಲ್ಲ, ಹೇಳುವ ಬದಲು ಕೆಲಸ ಬಿಡುತ್ತೇನೆ ಅಂದಳು ಎಂದೆ. ಅವರು ಫೋನನ್ನು ಮೇಜಿನ ಮೇಲಿಟ್ಟು, ನೀನು ಹೋಗಮ್ಮ ಎಂದರು.

ಹೊರಗೆ ಬಂದು ನನ್ನ ಕುರ್ಚಿಯಲ್ಲಿ ಕುಳಿತೆ. ಇಬ್ಬರದೂ ಕೆಲಸ ಹೋಯಿತು ಎಂದುಕೊಂಡೆ.

ಮಾರನೆಯ ದಿನ ರೆಡ್ಡಿಯವರು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಗೌರಿಬಿದನೂರಿಗೆ ಹೋದರು. ತಿಂಡಿಯ ಹೊತ್ತು, ಕ್ಯಾಂಟೀನ್ ತುಂಬಿತ್ತು. ಅವರನ್ನು ಕಂಡು ಎಲ್ಲರೂ ಎದ್ದು ನಿಂತರು. ಭವ್ಯ ಚೀಲ ಎತ್ತಿಕೊಂಡಳು.

‘ಕೂತ್ಕೊಳ್ಳಿ’ ಎಂದರು ರೆಡ್ಡಿಯವರು. ‘ಆ ಫೈಲ್ ಕಳ್ಸಿದ್ದು ನಾನು. ತೆಗಿ ಅಂದಿದ್ದೂ ನಾನು. ಈ ಮಗು ನಾನ್ ಹೇಳಿದ್ನ ಮಾಡ್ತು, ಅಷ್ಟೇ. ಇನ್ಮೇಲೆ ನಾನೇ ಹೇಳಿದ್ರೂ ಸರಿ, ಅನುಮಾನ ಬಂದ್ರೆ ಒತ್ತಬೇಡಿ. ಒತ್ತಿಬಿಟ್ರೆ ತಕ್ಷಣ ಪ್ರಮೀಳಮ್ಮಂಗೆ ಫೋನ್ ಮಾಡಿ.’

ಅಷ್ಟು ಹೇಳಿ ಅಲ್ಲಿಯೇ ಬೆಂಚಿನ ಮೇಲೆ ಕುಳಿತು, ಒಂದು ತಟ್ಟೆ ಉಪ್ಪಿಟ್ಟು ತರಿಸಿಕೊಂಡು ತಿಂದರು. ಉಪ್ಪು ಕಡಿಮೆಯಾಗಿದೆ ಎಂದು ಭಟ್ಟರ ಮೇಲೆ ಕೂಗಾಡಿದರು. ಆಗ ಎಲ್ಲರಿಗೂ ಜೀವ ಬಂದಂತಾಯಿತು. ಭವ್ಯ ಗಣಪತಿಯನ್ನು ಚೀಲದಿಂದ ತೆಗೆದು ಮತ್ತೆ ಮೇಜಿನ ಮೇಲಿಟ್ಟಳು.

ಕೆಂಪು ನೋಟೀಸುಗಳನ್ನು ನಾನೇ ನಾಲ್ಕೂ ಊರಿಗೆ ಹೋಗಿ ಕಿತ್ತು ಬಂದೆ. ‘ಏನಾದರೂ ಒತ್ತಿಬಿಟ್ಟರೆ ತಕ್ಷಣ ಫೋನ್ ಮಾಡಿ. ಬೈಯುವುದಿಲ್ಲ’ ಎಂದು ನೀಲಿ ಅಕ್ಷರದಲ್ಲಿ ಬರೆಸಿ ಹಾಕಿದೆ. ಪ್ರತಿಯಿಡುವ ಡಿಸ್ಕುಗಳನ್ನು ಎರಡು ಮಾಡಿ, ಒಂದನ್ನು ಯಾವ ವೈರಿಗೂ ಸಿಕ್ಕಿಸದೆ ಶಿಡ್ಲಘಟ್ಟದಲ್ಲಿ ರಹಮತ್ ಸಾಹೇಬರ ಸುಪರ್ದಿಗೆ ಕೊಟ್ಟೆ. ಅವರು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಅಂಥ ಸುಖ ಇನ್ನಾವ ಡಿಸ್ಕಿಗೂ ಸಿಕ್ಕಿರಲಾರದು.

ಫೋನುಗಳು ಬರತೊಡಗಿದವು. ಅಯ್ಯೋ, ಎಂಥೆಂಥ ಫೋನುಗಳು. ‘ಏನೋ ಒತ್ತಿಬಿಟ್ಟೆ ಪ್ರಮೀಳಮ್ಮ’ ಎಂದು ಶುರುಮಾಡಿದವರು ಒತ್ತಿದ್ದು ಒಮ್ಮೆ ಪ್ರಿಂಟರಿನ ಗುಂಡಿ, ಒಮ್ಮೆ ಅಲಾರಂ, ಒಮ್ಮೆ ಹೆಂಡತಿಗೆ ಹೋಗಬಾರದಾಗಿದ್ದ ಒಂದು ಸಂದೇಶ. ಕೊನೆಯದಕ್ಕೆ ನನ್ನ ಹತ್ತಿರ ಪರಿಹಾರ ಇರಲಿಲ್ಲ. ಆದರೂ ಯಾರನ್ನೂ ಬೈಯಲಿಲ್ಲ. ನೂರು ಸುಳ್ಳು ಫೋನುಗಳ ನಡುವೆ ನಿಜವಾದದ್ದೊಂದು ಬರುತ್ತದೆ, ಅದಕ್ಕಾಗಿ ನೂರನ್ನೂ ಎತ್ತಬೇಕು.

ಒಂದು ಸಲ ಹಾಗೆಯೇ ರಹಮತ್ ಸಾಹೇಬರು ಫೋನ್ ಮಾಡಿದರು. ಮುರುಗಮಲ್ಲದ ಪರಿಚಯದವರ ನಂಬರಿನಿಂದ ಮದುವೆಯ ಪತ್ರಿಕೆ ಬಂದಿದೆ, ಒತ್ತಿದರೆ ಇದನ್ನು ಫೋನಿಗೆ ಹಾಕಿಕೊಳ್ಳಲಾ ಎಂದು ಕೇಳುತ್ತಿದೆ ಎಂದರು. ಮುಟ್ಟಬೇಡಿ, ಮೊದಲು ಅವರಿಗೇ ಕರೆ ಮಾಡಿ ಕೇಳಿ ಎಂದೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಫೋನ್ ಬಂತು. ಪತ್ರಿಕೆಯ ಮೇಲೆ ಮಗಳ ಮದುವೆ ಎಂದಿತ್ತಂತೆ. ‘ಅವರಿಗೆ ಮಗಳೇ ಇಲ್ಲ ಅಮ್ಮಾ, ಇರೋರೆಲ್ಲ ಗಂಡುಮಕ್ಳು’ ಎಂದರು ಸಾಹೇಬರು, ಕಳ್ಳನನ್ನು ಕೈಯಾರೆ ಹಿಡಿದವರ ದನಿಯಲ್ಲಿ. ಆ ಪ್ರಶ್ನೆಗೆ ಹೂಂ ಎಂದು ಒತ್ತಿದ್ದರೆ ಅವರ ಫೋನಿನೊಳಗಿದ್ದದ್ದೆಲ್ಲ ಕಳ್ಳರ ಕೈಗೆ ಹೋಗುತ್ತಿತ್ತು.

ಭವ್ಯಳನ್ನು ನಾನು ಕೇಳಿ ಹೆಡ್ಡಾಫೀಸಿಗೆ ಕರೆಸಿಕೊಂಡೆ. ಒಮ್ಮೆ ಸುಟ್ಟುಕೊಂಡವಳು ಬೆಂಕಿಯನ್ನು ಚೆನ್ನಾಗಿ ಬಲ್ಲಳು. ಓದಿ ಪರೀಕ್ಷೆ ಕಟ್ಟಿದಳು, ನನಗೆ ಗೊತ್ತಿಲ್ಲದ್ದನ್ನೆಲ್ಲ ಕಲಿತಳು. ಆಗಾಗ ತಾನೇ ಸುಳ್ಳು ಇ-ಮೇಲುಗಳನ್ನು ತಯಾರಿಸಿ ಎಲ್ಲರಿಗೂ ಕಳಿಸಿ, ಯಾರು ಒತ್ತುತ್ತಾರೆಂದು ಪರೀಕ್ಷಿಸುವ ಹೊಸ ಪದ್ಧತಿ ತಂದಳು. ರೆಡ್ಡಿಯವರು ಪ್ರತಿ ಸಲವೂ ತಪ್ಪದೆ ಒತ್ತುತ್ತಿದ್ದರು. ಉಚಿತ ಮಾವಿನಹಣ್ಣಿನ ಬುಟ್ಟಿ ಎಂದು ಕಳಿಸಿದಾಗ ಎರಡು ಸಲ ಒತ್ತಿದ್ದರು. ಬೇರೆಯವರಾದರೆ ಅವಳು ನಕ್ಕು ಹೇಳಿಕೊಡುತ್ತಿದ್ದಳು. ರೆಡ್ಡಿಯವರನ್ನು ಮಾತ್ರ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಮೊಮ್ಮಗಳಂತೆ ಗದರಿಸಿ ಬರುತ್ತಿದ್ದಳು.

ನಾನು ನಿವೃತ್ತಳಾಗಿ ಕೆಲವು ವಾರವಾಗಿತ್ತು. ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ರೆಡ್ಡಿಯವರ ಫೋನ್ ಬಂತು. ಬ್ಯಾಂಕಿನಿಂದ ಏನೋ ಬಂದಿದೆ, ನೋಡಿದರೆ ನಿಜದ್ದೇ ಇದ್ದಂಗಿದೆ, ಒತ್ತಲಾ ಎಂದು ಕೇಳಿದರು. ಸಾರ್, ನಾನೀಗ ಅಲ್ಲಿಲ್ಲ, ಆ ಕುರ್ಚಿಯಲ್ಲಿ ಭವ್ಯ ಇದ್ದಾಳೆ, ಅವಳಿಗೆ ಮಾಡಿ ಎಂದೆ.

‘ಆಯಮ್ಮ ಬೈತಾಳಮ್ಮ’ ಎಂದರು.

ಒತ್ತಿದ್ದೀರಾ ಎಂದು ಕೇಳಿದೆ. ಇನ್ನೂ ಇಲ್ಲ ಎಂದರು. ಹಾಗಾದರೆ ಧೈರ್ಯವಾಗಿ ಮಾಡಿ ಎಂದು ಹೇಳಿ ಫೋನ್ ಇಟ್ಟೆ.

ಮೊರದಲ್ಲಿದ್ದ ಕಾಯಿ ಅರ್ಧ ಮುಗಿಯುವಷ್ಟರಲ್ಲಿ ಭವ್ಯಳ ಫೋನ್ ಬಂತು. ಹತ್ತನೇ ಕ್ಲಾಸಿನಲ್ಲಿ ಮಗ ಪಾಸಾದದ್ದನ್ನು ಬೀದಿಗೆಲ್ಲ ಹೇಳಿಕೊಂಡು ಬರುವ ತಾಯಿಯ ದನಿ ಇತ್ತು ಅವಳಿಗೆ.

‘ಮೇಡಂ, ಸಾರ್ ಇವತ್ತು ಒತ್ತೋಕ್ ಮುಂಚೇನೇ ಫೋನ್ ಮಾಡಿದ್ರು.’